ಮೋಟೋಕ್ರಾಸ್ ಬೈಕನ್ನು ಕಾಡಿನ ದಾರಿಗೆ ಪಳಗಿಸುವುದು ಹೇಗೆ

ನನ್ನ ಯಮಹಾ ವೈಜಡ್ 250 ಮೋಟೋಕ್ರಾಸ್ ಬೈಕನ್ನು ಮೊದಲ ಸಲ ಕಾಡಿನ ದಾರಿಗೆ ಒಯ್ದ ದಿನ ನಲವತ್ತೇ ನಿಮಿಷಕ್ಕೆ ಎರಡೂ ಮುಂಗೈ ಕಲ್ಲಿನ ಹಾಗೆ ಬಿಗಿದುಕೊಂಡವು. ಬೇರು ಸಿಕ್ಕಲ್ಲೆಲ್ಲ ಮುಂದಿನ ಚಕ್ರ ಪುಟಿಯುತ್ತಿತ್ತು. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಬೈಕ್ ಎಗರುತ್ತಿತ್ತು, ಬಿಟ್ಟರೆ ಆಫ್ ಆಗುತ್ತಿತ್ತು. ನಾನು ತೀರ್ಥಹಳ್ಳಿ ಕಡೆಯವನು. ಚಿಕ್ಕಪ್ಪನ ಆರ್‌ಎಕ್ಸ್100 ಬೈಕನ್ನು ಮಳೆಗಾಲದ ಕೆಸರಲ್ಲಿ ಓಡಿಸಿ ಬೆಳೆದವನು. ಟೂ-ಸ್ಟ್ರೋಕ್ ನನಗೆ ಹೊಸದಲ್ಲ. ಆದರೂ ನಾರ್ತ್ ಕೆರೊಲಿನಾದ ಯುವಾರಿ ಕಾಡಿನಲ್ಲಿ ಆ ದಿನ ಬೈಕ್ ನನ್ನ ಮಾತು ಕೇಳಲಿಲ್ಲ.

ತಪ್ಪು ಬೈಕಿನದಲ್ಲ. ಅದನ್ನು ಮಾಡಿರುವುದು ಬೇರೆ ಕೆಲಸಕ್ಕೆ. ಅಮೆರಿಕದ ರಾಷ್ಟ್ರೀಯ ಮೋಟೋಕ್ರಾಸ್ ರೇಸಿನಲ್ಲಿ ಒಂದು ಸುತ್ತಿನ ಓಟ ಅಂದರೆ 30 ನಿಮಿಷ ಮತ್ತು 2 ಲ್ಯಾಪ್. ಬಯಲಿನಂಥ ಟ್ರ್ಯಾಕ್, ದೊಡ್ಡ ಜಂಪ್, ಆಕ್ಸಿಲರೇಟರ್ ಪೂರ್ತಿ ತಿರುವಿಕೊಂಡೇ ಓಟ. ಕಾಡಿನಲ್ಲಿ ನಡೆಯುವ ಜಿಎನ್‌ಸಿಸಿ (ಗ್ರ್ಯಾಂಡ್ ನ್ಯಾಷನಲ್ ಕ್ರಾಸ್ ಕಂಟ್ರಿ) ರೇಸಿನಲ್ಲಿ ವೃತ್ತಿಪರರ ಓಟ ಸುಮಾರು 3 ಗಂಟೆ. ಅಲ್ಲಿ ಬೇರು, ಕಲ್ಲು, ಬಿದ್ದ ಮರ, ಹ್ಯಾಂಡಲ್ ತೂರದಷ್ಟು ಇಕ್ಕಟ್ಟು. ಟ್ರ್ಯಾಕ್‌ನ ಬೈಕಿಗೆ ಬೇಕಾಗುವುದು ಗಟ್ಟಿ ಸ್ಪ್ರಿಂಗು, ಚುರುಕು ಇಂಜಿನ್ನು. ಕಾಡಿನ ಬೈಕಿಗೆ ಬೇಕಾಗುವುದು ಮೆತ್ತಗಿನ ಸಸ್ಪೆನ್ಷನ್ನು, ನಿಧಾನಕ್ಕೆ ಬರುವ ಶಕ್ತಿ.

ಇದು ಯಮಹಾಗೂ ಗೊತ್ತಿತ್ತು. 2016ರ ಮಾಡೆಲ್ ಆಗಿ ಅವರು ವೈಜಡ್ 250 ಎಕ್ಸ್ ತಂದರು. ಸಸ್ಪೆನ್ಷನ್ ಮೆತ್ತಗೆ ಮಾಡಿದರು, 18 ಇಂಚಿನ ಹಿಂದಿನ ಚಕ್ರ ಹಾಕಿದರು, ಗೇರುಗಳ ಅಂತರ ಹೆಚ್ಚಿಸಿದರು, ಇಂಜಿನ್ನಿನ ಕಂಪ್ರೆಷನ್ ಇಳಿಸಿದರು, ಸೈಡ್ ಸ್ಟ್ಯಾಂಡ್ ಕೊಟ್ಟರು. ಇಂಜಿನ್ನಿನಲ್ಲಿ ಶಕ್ತಿ ಜಾಸ್ತಿ ಮಾಡಲಿಲ್ಲ ಅನ್ನುವುದನ್ನು ಗಮನಿಸಿ. ನಮ್ಮ ಕೆಲಸಕ್ಕೆ ಈ ಪಟ್ಟಿಯೇ ದಾರಿ ತೋರಿಸುತ್ತದೆ. ಹೊಸ ಎಕ್ಸಾಸ್ಟ್ ಪೈಪು, ಹೊಸ ರೀಡ್ (ಇಂಜಿನ್ನಿನ ಒಳಗೆ ಗಾಳಿ ಬಿಡುವ ವಾಲ್ವ್) ಅಂತ ಇಂಜಿನ್ನಿಗೆ ಮೊದಲು ದುಡ್ಡು ಹಾಕಬೇಡಿ. ಮೊದಲು ಸಸ್ಪೆನ್ಷನ್ನು, ಆಮೇಲೆ ಸ್ಪ್ರಾಕೆಟ್ಟು, ಟಯರು. ಇಂಜಿನ್ನು ಅದಾದ ಮೇಲೆ.

ಉದಾಹರಣೆಗೆ ವೈಜಡ್ 250 ಇಟ್ಟುಕೊಳ್ಳುವುದಕ್ಕೂ ಕಾರಣವಿದೆ. 2005ರಲ್ಲಿ ಅಲ್ಯೂಮಿನಿಯಂ ಚಾಸಿ ಬಂತು, 2006ರಲ್ಲಿ ಕಯಾಬಾ ಕಂಪನಿಯ ಎಸ್‌ಎಸ್‌ಎಸ್ ಫೋರ್ಕ್, ಅಂದರೆ ಮುಂದಿನ ಸಸ್ಪೆನ್ಷನ್, ಬಂತು. ಆಮೇಲೆ 2022ರವರೆಗೆ ದೊಡ್ಡ ಬದಲಾವಣೆ ಇಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಬೈಕು, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಬೇರೆ ಕಂಪನಿಯ 250 ಟೂ-ಸ್ಟ್ರೋಕ್ ಇದ್ದರೂ ಕೆಲಸದ ಕ್ರಮ ಇದೇ, ಅಂಕಿಗಳು ಮಾತ್ರ ಬೇರೆ.

ಶುರು ಮಾಡುವ ಮುಂಚೆ

ಸೆಕೆಂಡ್ ಹ್ಯಾಂಡ್ ಬೈಕ್ ಆಗಿದ್ದರೆ ಮೊದಲ ವಾರ ಅದನ್ನು ಸರಿಮಾಡುವುದಕ್ಕೇ ಇಟ್ಟುಕೊಳ್ಳಿ. ಏರ್ ಫಿಲ್ಟರ್ ತೊಳೆದು ಎಣ್ಣೆ ಹಚ್ಚಿ. ಗೇರ್ ಆಯಿಲ್ ಬದಲಿಸಿ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮತ್ತು ಅದನ್ನು ಶಾಕ್‌ಗೆ ಜೋಡಿಸುವ ಲಿಂಕೇಜ್ ಬಿಚ್ಚಿ ಬೇರಿಂಗುಗಳಿಗೆ ಗ್ರೀಸ್ ತುಂಬಿ. ಈ ಕೊನೆಯ ಕೆಲಸವನ್ನು ತುಂಬಾ ಜನ ಬಿಡುತ್ತಾರೆ. ಬೇರಿಂಗ್ ತುಕ್ಕು ಹಿಡಿದು ಬಿಗಿಯಾಗಿದ್ದರೆ ಮುಂದೆ ನೀವು ಮಾಡುವ ಸಸ್ಪೆನ್ಷನ್ ಅಳತೆಗಳೆಲ್ಲ ಸುಳ್ಳಾಗುತ್ತವೆ. ಪಿಸ್ಟನ್ ಎಷ್ಟು ಗಂಟೆ ಓಡಿದೆ ಅಂತ ಗೊತ್ತಿಲ್ಲದಿದ್ದರೆ ಹೊಸ ಪಿಸ್ಟನ್, ರಿಂಗ್ ಹಾಕಿಸಿಬಿಡಿ. ಟೂ-ಸ್ಟ್ರೋಕ್‌ನಲ್ಲಿ ಅದು ಒಂದು ಮಧ್ಯಾಹ್ನದ ಕೆಲಸ.

ಹಂತ 1: ಸಸ್ಪೆನ್ಷನ್

ನಿಮ್ಮ ಕೈ ನೋಯುವುದೂ ಚಕ್ರ ಜಾರುವುದೂ ಬಹುಪಾಲು ಇಲ್ಲಿಂದಲೇ. ಇದರ ಮೊದಲ ಅಳತೆಗೆ ಖರ್ಚೇ ಇಲ್ಲ. ಒಂದು ಟೇಪು, ಒಬ್ಬ ಸ್ನೇಹಿತ ಇದ್ದರೆ ಸಾಕು.

ಬೈಕನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಹಿಂದಿನ ಚಕ್ರ ನೆಲ ಮುಟ್ಟಬಾರದು. ಹಿಂದಿನ ಆಕ್ಸಲ್‌ನಿಂದ ನೇರ ಮೇಲೆ ಮಡ್‌ಗಾರ್ಡಿನಲ್ಲಿ ಒಂದು ಗುರುತು ಮಾಡಿ, ಅಂತರ ಅಳೆಯಿರಿ. 620 ಮಿ.ಮೀ. ಬಂತು ಅಂದುಕೊಳ್ಳೋಣ. ಈಗ ಬೈಕನ್ನು ನೆಲಕ್ಕಿಳಿಸಿ, ಯಾರೂ ಕೂರದೆ ಅದೇ ಅಂತರ ನೋಡಿ: 585. ಆಮೇಲೆ ಹೆಲ್ಮೆಟ್, ಬೂಟು, ನೀರಿನ ಚೀಲ ಎಲ್ಲ ಹಾಕಿಕೊಂಡು ನೀವು ಹತ್ತಿ. ಸ್ನೇಹಿತ ಅಳೆಯಲಿ: 517. ಬೈಕ್ ತನ್ನ ಭಾರಕ್ಕೇ ಕುಗ್ಗಿದ್ದು 35 ಮಿ.ಮೀ., ಇದು ಸ್ಟ್ಯಾಟಿಕ್ ಸ್ಯಾಗ್. ನಿಮ್ಮನ್ನೂ ಸೇರಿಸಿ ಕುಗ್ಗಿದ್ದು 103, ಇದು ರೇಸ್ ಸ್ಯಾಗ್.

ರೇಸ್ ಸ್ಯಾಗ್ 100ರಿಂದ 105 ಮಿ.ಮೀ. ಒಳಗೆ ಇರಲಿ. ಶಾಕ್ ಮೇಲಿನ ಲಾಕ್ ರಿಂಗ್ ಸಡಿಲಿಸಿ, ಕೆಳಗಿನ ರಿಂಗ್ ತಿರುಗಿಸಿ ಇದನ್ನು ಹೊಂದಿಸಬೇಕು. ಅದಕ್ಕೂ ಮುಂಚೆ ಥ್ರೆಡ್ಡಿನ ಮಣ್ಣನ್ನು ಬ್ರಷ್ಷಿನಿಂದ ತೆಗೆಯಿರಿ, ಇಲ್ಲದಿದ್ದರೆ ಥ್ರೆಡ್ ಹಾಳಾಗುತ್ತದೆ. ಒಂದೊಂದು ಸುತ್ತಿಗೂ ಮತ್ತೆ ಅಳೆಯಿರಿ.

ಈಗ ರೇಸ್ ಸ್ಯಾಗ್ ಸರಿ ಬಂದ ಮೇಲೆ ಸ್ಟ್ಯಾಟಿಕ್ ಸ್ಯಾಗ್ ಏನು ಹೇಳುತ್ತದೆ ನೋಡಿ. ಅದು 25ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಸ್ಪ್ರಿಂಗ್ ನಿಮಗೆ ಮೆತ್ತಗಾಯಿತು ಅಂತ ಅರ್ಥ. ಕೇಳಲು ಉಲ್ಟಾ ಅನಿಸುತ್ತದೆ, ಅಲ್ವಾ? ನಿಮ್ಮ ಭಾರ ಹೊರಲು ಸ್ಪ್ರಿಂಗನ್ನು ಮೊದಲೇ ಜಾಸ್ತಿ ಅದುಮಿಟ್ಟಿದ್ದೀರಿ, ಅದಕ್ಕೇ ಬೈಕು ತನ್ನ ಭಾರಕ್ಕೆ ಕುಗ್ಗುತ್ತಿಲ್ಲ. 45ಕ್ಕಿಂತ ಜಾಸ್ತಿ ಇದ್ದರೆ ಸ್ಪ್ರಿಂಗ್ ಗಟ್ಟಿ. ಎರಡೂ ಸಂದರ್ಭದಲ್ಲಿ ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್ ತರಿಸಬೇಕು. ಹಿಂದಿನದು ಬದಲಾದರೆ ಮುಂದಿನ ಫೋರ್ಕ್ ಸ್ಪ್ರಿಂಗೂ ಬದಲಾಗಲಿ. ಒಂದು ಕಡೆ ಮಾತ್ರ ಮಾಡಿದರೆ ಬೈಕಿನ ಸಮತೋಲ ಕೆಡುತ್ತದೆ.

ಇನ್ನು ಕ್ಲಿಕ್ಕರ್‌ಗಳು, ಅಂದರೆ ಫೋರ್ಕ್ ಮತ್ತು ಶಾಕ್ ಮೇಲಿನ ಹೊಂದಾಣಿಕೆಯ ಸ್ಕ್ರೂಗಳು. ಕಂಪ್ರೆಷನ್ ಸ್ಕ್ರೂ ಕುಗ್ಗುವ ವೇಗಕ್ಕೆ, ರಿಬೌಂಡ್ ಸ್ಕ್ರೂ ವಾಪಸ್ ಏಳುವ ವೇಗಕ್ಕೆ. ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಕ್ಲಿಕ್ ಆಯಿತು ಎಣಿಸಿ, ಬರೆದಿಟ್ಟುಕೊಳ್ಳಿ. ಆಮೇಲೆ ಎಷ್ಟು ಹೊರಗೆ ಬಂದಿದೆ ಎನ್ನುವುದೇ ಲೆಕ್ಕ. ಕಂಪ್ರೆಷನ್ನನ್ನು ಮುಂದೆ ಹಿಂದೆ ಎರಡೂ ಕಡೆ ಮೊದಲಿದ್ದ ಜಾಗಕ್ಕಿಂತ 3 ಅಥವಾ 4 ಕ್ಲಿಕ್ ಹೆಚ್ಚು ಹೊರಗೆ ತಂದು ಮೆತ್ತಗೆ ಮಾಡಿ ಶುರುಮಾಡಿ. ಬೈಕ್ ಬೇರುಗಳ ಮೇಲೆ ಹಾರುವ ಬದಲು ಅವುಗಳನ್ನು ಸವರಿಕೊಂಡು ಹೋಗುವುದು ನಿಮಗೇ ಗೊತ್ತಾಗುತ್ತದೆ. ರಿಬೌಂಡ್ ವಿಷಯದಲ್ಲಿ ಹುಷಾರು. ಅದು ತೀರಾ ನಿಧಾನವಾದರೆ, ಸಾಲು ಬೇರುಗಳು ಬಂದಾಗ ಒಂದು ಪೆಟ್ಟಿನಿಂದ ಮೇಲೆ ಬರುವಷ್ಟರಲ್ಲಿ ಇನ್ನೊಂದು ಬೀಳುತ್ತದೆ. ಫೋರ್ಕ್ ಕೆಳಗೇ ಉಳಿದು ಗಟ್ಟಿಯಾಗುತ್ತಾ ಹೋಗುತ್ತದೆ. ಹೀಗಾದಾಗ ಜನ ಕಂಪ್ರೆಷನ್ ಇನ್ನೂ ಮೆತ್ತಗೆ ಮಾಡುತ್ತಾರೆ, ತೊಂದರೆ ಜಾಸ್ತಿಯೇ ಆಗುತ್ತದೆ. ರಿಬೌಂಡನ್ನು ಎರಡು ಕ್ಲಿಕ್ ಹೊರಗೆ ತಂದು ವೇಗ ಮಾಡಿ ನೋಡಿ.

ಫೋರ್ಕ್ ಮೇಲೆ ಗಾಳಿ ಬಿಡುವ ಚಿಕ್ಕ ಸ್ಕ್ರೂಗಳಿವೆ. ಪ್ರತಿ ರೈಡಿಗೂ ಮುಂಚೆ, ಮುಂದಿನ ಚಕ್ರ ನೆಲದಿಂದ ಮೇಲಿರುವಾಗ, ಅವನ್ನು ಬಿಚ್ಚಿ ಮುಚ್ಚಿ. ಒಳಗೆ ಸೇರಿಕೊಂಡ ಗಾಳಿಯೂ ಫೋರ್ಕನ್ನು ಗಟ್ಟಿ ಮಾಡುತ್ತದೆ. ಇಷ್ಟೆಲ್ಲ ಆದ ಮೇಲೂ ಬೈಕ್ ಕಠಿಣ ಅನಿಸಿದರೆ ವಾಲ್ವಿಂಗ್ (ಒಳಗಿನ ಎಣ್ಣೆಯ ಹರಿವನ್ನು ಹಿಡಿದಿಡುವ ಭಾಗಗಳು) ಬದಲಿಸಲು ಸಸ್ಪೆನ್ಷನ್ ಅಂಗಡಿಗೆ ಕಳಿಸಿ. ನನ್ನ ಬೈಕಿಗೆ ನಾನು ಮಾಡಿದ ಖರ್ಚುಗಳಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ.

ಹಂತ 2: ಸ್ಪ್ರಾಕೆಟ್

ವೈಜಡ್ 250ಕ್ಕೆ ಐದು ಗೇರು, ಅವು ಒಂದಕ್ಕೊಂದು ಹತ್ತಿರ. ಕಾಡಿನಲ್ಲಿ ಮೊದಲ ಗೇರ್ ಜಾಸ್ತಿ ವೇಗದ್ದು ಅನಿಸುತ್ತದೆ, ಕ್ಲಚ್ ಹಿಡಿದೇ ಇರಬೇಕಾಗುತ್ತದೆ. ಇದಕ್ಕೆ ಅಗ್ಗದ ಉಪಾಯ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡುವುದು. ನಿಮ್ಮ ಬೈಕಿನ ಹಲ್ಲು ಎಣಿಸಿ. ಮುಂದೆ 14, ಹಿಂದೆ 48 ಇದ್ದರೆ ಅನುಪಾತ 3.43. ಮುಂದೆ 13 ಮಾಡಿದರೆ 3.69. ಹಿಂದೆಯೂ 50 ಮಾಡಿದರೆ 3.85. ಮುಂದಿನ ಒಂದು ಹಲ್ಲು ಹೆಚ್ಚುಕಡಿಮೆ ಹಿಂದಿನ ಮೂರೂವರೆ ಹಲ್ಲಿಗೆ ಸಮ.

ನಾನು 13/50ರಲ್ಲಿ ಓಡಿಸುತ್ತೇನೆ. ಟಾಪ್ ಸ್ಪೀಡ್ ಹೋಗುತ್ತದೆ, ಕಾಡಿನಲ್ಲಿ ಅದು ಬೇಕಿಲ್ಲ. ಹಿಂದೆ ಹಲ್ಲು ಹೆಚ್ಚಿಸಿದರೆ ಚೈನ್ ಉದ್ದ ಸಾಲದೆ ಬರಬಹುದು, ಮೊದಲೇ ನೋಡಿಕೊಳ್ಳಿ. ಚೈನ್ ಬಿಗಿ ಮಾಡುವಾಗ ರಸ್ತೆ ಬೈಕಿನ ಲೆಕ್ಕ ಹಿಡಿಯಬೇಡಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ. ಆ ಸ್ಥಿತಿಯಲ್ಲೂ ಅದು ಸ್ವಲ್ಪ ಸಡಿಲ ಇರಬೇಕು. ಹಾಗಾಗಿ ಬೈಕ್ ಸುಮ್ನೆ ನಿಂತಾಗ ಚೈನ್ ಜೋತಾಡುತ್ತಿದೆ ಅನಿಸುವುದು ಸರಿಯೇ.

ಹಂತ 3: ಹಿಂದಿನ ಚಕ್ರ ಮತ್ತು ಟಯರ್

ಮೋಟೋಕ್ರಾಸ್ ಬೈಕಿಗೆ ಹಿಂದೆ 19 ಇಂಚಿನ ರಿಮ್, ಟಯರ್ 110/90-19. ಕಾಡಿನ ಬೈಕಿಗೆ 18 ಇಂಚು, ಟಯರ್ 110/100-18. ಲೆಕ್ಕ ಹಾಕಿ ನೋಡಿ: ಮೊದಲನೆಯದರ ಗೋಡೆ 99 ಮಿ.ಮೀ. ಎತ್ತರ, ಎರಡನೆಯದರದು 110. ಹೊರಗಿನ ಅಳತೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ, 680 ಮಿ.ಮೀ. ಆಸುಪಾಸು. ಅಂದರೆ ಬೈಕಿನ ಎತ್ತರ ಬದಲಾಗುವುದಿಲ್ಲ, ಕಲ್ಲಿಗೂ ರಿಮ್ಮಿಗೂ ನಡುವೆ ರಬ್ಬರು ಮತ್ತು ಗಾಳಿ ಜಾಸ್ತಿ ಸಿಗುತ್ತದೆ. ರಿಮ್ ಬಗ್ಗುವುದು, ಟ್ಯೂಬ್ ಜಜ್ಜಿ ಪಂಕ್ಚರ್ ಆಗುವುದು ಕಡಿಮೆಯಾಗುತ್ತದೆ.

ಕೈಯಲ್ಲಿ ದುಡ್ಡಿಲ್ಲದಿದ್ದರೆ 19 ಇಂಚಿನಲ್ಲೇ ದಪ್ಪ ಟ್ಯೂಬ್ ಹಾಕಿ ಶುರುಮಾಡಿ. ಗಾಳಿ 12 ಅಥವಾ 13 ಪಿಎಸ್‌ಐ ಇರಲಿ. ಕಲ್ಲು ಜಾಸ್ತಿ ಇದ್ದರೆ ಒಂದು ಪಾಯಿಂಟ್ ಮೇಲೆ. ಪಂಕ್ಚರ್ ಕಾಟವೇ ಬೇಡ ಅನ್ನುವವರು ಟ್ಯೂಬಿನ ಬದಲು ಮೂಸ್ ಅನ್ನುವ ಗಟ್ಟಿ ಫೋಮ್ ಬಳೆ ಹಾಕುತ್ತಾರೆ. ಕೂರಿಸುವುದು ಕಷ್ಟ, ಬೆಲೆಯೂ ಹೆಚ್ಚು, ಆದರೆ ಗಾಳಿ ಇಳಿಯುವ ಮಾತೇ ಇಲ್ಲ. ಒದ್ದೆ ಬೇರಿನ ಮೇಲೆ ಮಾತ್ರ ಮೆತ್ತಗಿನ ರಬ್ಬರಿನ ಟಯರೇ ಹಿಡಿಯುವುದು. ಗಟ್ಟಿ ರಬ್ಬರು ಬಾಳಿಕೆ ಬರುತ್ತದೆ, ಹಿಡಿತ ಕೊಡುವುದಿಲ್ಲ.

ಹಂತ 4: ಪೆಟ್ಟಿನಿಂದ ಕಾಪಾಡುವುದು

ಈ ಹಂತವನ್ನು ನಾನು ತಡ ಮಾಡಿದೆ. ಒಂದು ಇಳಿಜಾರಿನಲ್ಲಿ ಮೆಲ್ಲಗೇ ಬಿದ್ದೆ, ನನಗೆ ಗೀರೂ ಆಗಲಿಲ್ಲ. ಎಡಗಡೆ ರೇಡಿಯೇಟರ್ ಮಾತ್ರ ಮೊಂಡುಗಲ್ಲಿಗೆ ತಾಗಿ ಬಗ್ಗಿ ಸೋರತೊಡಗಿತು. ಎರಡು ಮೈಲು ಬೈಕ್ ತಳ್ಳಿಕೊಂಡು ಹೊರಗೆ ಬಂದೆ. ಬೈಕು ಸುಮಾರು 103 ಕೆ.ಜಿ. ಅಷ್ಟೇ, ಆದರೆ ಏರಿನಲ್ಲಿ ತಳ್ಳುವಾಗ ಅದೇ ಬೆಟ್ಟದಷ್ಟಾಗುತ್ತದೆ.

ಮೊದಲು ರೇಡಿಯೇಟರ್ ಬ್ರೇಸ್. ಆಮೇಲೆ ಹ್ಯಾಂಡಲ್ಲಿನ ಎರಡೂ ತುದಿಗೆ ಬೋಲ್ಟ್ ಆಗುವ ಅಲ್ಯೂಮಿನಿಯಂ ಹ್ಯಾಂಡ್‌ಗಾರ್ಡ್. ಬರೀ ಪ್ಲಾಸ್ಟಿಕ್ಕಿನದು ಮರಕ್ಕೆ ತಾಗಿದರೆ ಬೆರಳು ಉಳಿಸುವುದಿಲ್ಲ. ಕೆಳಗೆ ಸ್ಕಿಡ್ ಪ್ಲೇಟ್. ಟೂ-ಸ್ಟ್ರೋಕ್‌ನ ಪೈಪು ಮುಂದಕ್ಕೆ ಉಬ್ಬಿಕೊಂಡು ಬಂದಿರುತ್ತದೆ. ಅದು ಜಜ್ಜಿದರೆ ಶಕ್ತಿಯೂ ಬದಲಾಗುತ್ತದೆ, ಅದಕ್ಕೂ ಒಂದು ಗಾರ್ಡ್ ಬೇಕು.

ಮೋಟೋಕ್ರಾಸ್ ಬೈಕಿಗೆ ರೇಡಿಯೇಟರ್ ಫ್ಯಾನ್ ಇಲ್ಲ, ಗಾಳಿಗೆ ಓಡುತ್ತಲೇ ಇರಬೇಕು. ಕಡಿದಾದ ಏರಿನಲ್ಲಿ ಸಿಕ್ಕಿಕೊಂಡು ಕ್ಲಚ್ ಸುಡುತ್ತಾ ನಿಂತರೆ ನೀರು ಕುದಿಯುತ್ತದೆ. ಜಾಸ್ತಿ ಒತ್ತಡದ ಕ್ಯಾಪ್ ಹಾಕಿದರೆ ಕುದಿಯುವ ಬಿಂದು ಸ್ವಲ್ಪ ಮೇಲೇರುತ್ತದೆ. ಅದಕ್ಕಿಂತ ಒಳ್ಳೆಯದು, ಸಿಕ್ಕಿಕೊಂಡ ಕೂಡಲೇ ಇಂಜಿನ್ ಆಫ್ ಮಾಡಿ, ಇಳಿದು, ಉಸಿರಾಡಿಕೊಳ್ಳುವುದು. ಬಿಸಿ ಇರುವಾಗ ಕ್ಯಾಪ್ ಬಿಚ್ಚಲೇಬೇಡಿ.

ಹಂತ 5: ಇಂಜಿನ್ನಿನ ಕೋಪ ಇಳಿಸುವುದು

ಫ್ಲೈವೀಲ್‌ಗೆ ಭಾರ ಸೇರಿಸುವುದೇ ಇಲ್ಲಿಯ ಮುಖ್ಯ ಕೆಲಸ. ರಾಗಿ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ಭಾರದ ಕಲ್ಲು ತಿರುಗಲು ನಿಧಾನ, ಒಮ್ಮೆ ತಿರುಗಿತೆಂದರೆ ಬೇಗ ನಿಲ್ಲುವುದಿಲ್ಲ. ಫ್ಲೈವೀಲಿನದೂ ಅದೇ ಕಥೆ. 250ರಿಂದ 350 ಗ್ರಾಂ ಭಾರ ಸೇರಿಸಿದರೆ ಹಿಂದಿನ ಚಕ್ರ ದಿಢೀರನೆ ಸುತ್ತುವುದು ಕಡಿಮೆಯಾಗುತ್ತದೆ. ಬ್ರೇಕ್ ಹಿಡಿದಾಗ ಇಂಜಿನ್ ಪಕ್ಕನೆ ಆಫ್ ಆಗುವುದಿಲ್ಲ. ಶಕ್ತಿ ಕಡಿಮೆ ಆಗಿರುವುದಿಲ್ಲ, ಬರುವ ರೀತಿ ಬದಲಾಗಿರುತ್ತದೆ. ಫ್ಲೈವೀಲ್ ತೆಗೆಯಲು ಅದಕ್ಕೆಂದೇ ಇರುವ ಪುಲ್ಲರ್ ಬಳಸಿ. ಸುತ್ತಿಗೆ ಮುಟ್ಟಬೇಡಿ, ಕ್ರ್ಯಾಂಕ್ ಹಾಳಾಗುತ್ತದೆ. ಭಾರ ಹಾಕಿದ ಮೇಲೆ ಹೊರಗಿನ ಕವರ್ ಒಳಗೆ ತಾಗುತ್ತಿದೆಯೇ ನೋಡಿ. ತಾಗಿದರೆ ಸ್ಪೇಸರ್ ಬೇಕಾಗುತ್ತದೆ.

ಎಕ್ಸಾಸ್ಟ್ ಕಿಂಡಿಯನ್ನು ಹೆಚ್ಚುಕಡಿಮೆ ಮಾಡುವ ಪವರ್ ವಾಲ್ವನ್ನು ಬಿಚ್ಚಿ ಇಂಗಾಲ ಕೆರೆದು ತೆಗೆಯಿರಿ. ಅದು ಅಂಟಿಕೊಂಡಿದ್ದರೆ ಕಡಿಮೆ ಆರ್‌ಪಿಎಂನ ಪಿಕಪ್ ಸತ್ತೇ ಹೋಗಿರುತ್ತದೆ. ಪೈಪು ಬದಲಿಸುವುದಾದರೆ ಕೆಳಗಿನ ಆರ್‌ಪಿಎಂಗೆಂದೇ ಮಾಡಿದ, ದಪ್ಪ ತಗಡಿನದನ್ನು ಆರಿಸಿ. ಎಫ್‌ಎಂಎಫ್ ಕಂಪನಿಯ ನಾರ್ಲಿ ಪೈಪು ಅಂಥದು. ಅದು ಇಲ್ಲದಿದ್ದರೂ ನಡೆಯುತ್ತದೆ.

ಹಂತ 6: ಕಾರ್ಬ್ಯುರೇಟರ್

ಆರ್‌ಎಕ್ಸ್100 ಟ್ಯೂನ್ ಮಾಡಿದವರಿಗೆ ಇದು ಹಳೇ ಸ್ನೇಹಿತ. ವೈಜಡ್ 250ರಲ್ಲಿರುವುದು ಕೈಹಿನ್ ಪಿಡಬ್ಲ್ಯುಕೆ 38. ಆಕ್ಸಿಲರೇಟರ್ ಕಾಲು ಭಾಗ ತಿರುವುವವರೆಗೆ ಪೈಲಟ್ ಜೆಟ್ (ಜೆಟ್ ಅಂದರೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು) ಮತ್ತು ಏರ್ ಸ್ಕ್ರೂವಿನ ಆಟ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯದು. ಅದರ ಮೇಲೆ ಮೇನ್ ಜೆಟ್ಟಿನದು. ಟ್ರ್ಯಾಕಿನಲ್ಲಿ ಮೇನ್ ಜೆಟ್ ಮುಖ್ಯ. ಕಾಡಿನಲ್ಲಿ ನಾವು ಹೆಚ್ಚು ಹೊತ್ತು ಕಳೆಯುವುದು ಪೈಲಟ್ ಮತ್ತು ಸೂಜಿಯ ಮೇಲೆ, ಹಾಗಾಗಿ ಗಮನ ಅಲ್ಲಿರಲಿ.

ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಐಡಲ್‌ನಲ್ಲಿ ಬಿಟ್ಟು ಏರ್ ಸ್ಕ್ರೂವನ್ನು ನಿಧಾನವಾಗಿ ತಿರುಗಿಸಿ, ಇಂಜಿನ್ ಅತಿ ಚುರುಕಾಗಿ ಓಡುವ ಜಾಗ ಹುಡುಕಿ. ಸ್ಕ್ರೂ ಪೂರ್ತಿ ಒಳಗಿರುವಲ್ಲಿಂದ ಎಣಿಸಿದಾಗ ಆ ಜಾಗ ಒಂದು ಸುತ್ತಿಗಿಂತ ಕಡಿಮೆಯಲ್ಲಿ ಸಿಕ್ಕಿದರೆ ದೊಡ್ಡ ಪೈಲಟ್ ಜೆಟ್ ಬೇಕು. ಎರಡೂವರೆ ಸುತ್ತಿಗಿಂತ ಆಚೆ ಸಿಕ್ಕಿದರೆ ಚಿಕ್ಕದು ಬೇಕು. ಸ್ಕ್ರೂ ಹೊರಗೆ ಬಂದಷ್ಟೂ ಗಾಳಿ ಜಾಸ್ತಿ, ಅಂದರೆ ಲೀನ್.

ಕಾಲು ಭಾಗದ ಮೇಲೆ ಇಂಜಿನ್ ಬುಡುಬುಡು ಅಂತಿದ್ದರೆ, ಸೈಲೆನ್ಸರ್ ತುದಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ. ಸೂಜಿ ಕೆಳಗಿಳಿಯುತ್ತದೆ, ಪೆಟ್ರೋಲ್ ಕಡಿಮೆಯಾಗುತ್ತದೆ. ಅದರ ಉಲ್ಟಾ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೆಳಗಿಳಿಯದೆ ಕಿರುಚುತ್ತಿದ್ದರೆ, ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬಂದರೆ ಲೀನ್ ಆಗಿದೆ. ಅಲ್ಲೇ ನಿಲ್ಲಿಸಿ. ರಿಚ್ (ಪೆಟ್ರೋಲ್ ಜಾಸ್ತಿ) ಇದ್ದರೆ ಪ್ಲಗ್ ಹೋಗುತ್ತದೆ, ಲೀನ್ ಇದ್ದರೆ ಪಿಸ್ಟನ್ನೇ ಸೀಜ್ ಆಗುತ್ತದೆ.

ಇಲ್ಲಿ ನಾರ್ತ್ ಕೆರೊಲಿನಾದಲ್ಲಿ ಬೇಸಿಗೆಯಲ್ಲಿ 35 ಡಿಗ್ರಿ ಬಿಸಿಲು, ಚಳಿಗಾಲದಲ್ಲಿ ಬೆಳಗ್ಗೆ ಸೊನ್ನೆ. ತಣ್ಣಗಿನ ಗಾಳಿ ಸಾಂದ್ರ, ಅದಕ್ಕೆ ಪೆಟ್ರೋಲ್ ಜಾಸ್ತಿ ಬೇಕು. ಎತ್ತರದ ಬೆಟ್ಟದಲ್ಲಿ ಗಾಳಿ ತೆಳು, ಕಡಿಮೆ ಸಾಕು. ಯಾವ ದಿನ ಯಾವ ಜೆಟ್ಟು, ಎಷ್ಟು ಡಿಗ್ರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ವರ್ಷ ಕಳೆದರೆ ಅದಕ್ಕಿಂತ ಒಳ್ಳೆಯ ಗೈಡು ಬೇರೆ ಇರುವುದಿಲ್ಲ.

ಎಣ್ಣೆ ಬೆರೆಸುವ ಅಳತೆಯನ್ನು ಪದೇ ಪದೇ ಬದಲಿಸಬೇಡಿ. 32ಕ್ಕೆ 1 ಅಂದರೆ 5 ಲೀಟರ್ ಪೆಟ್ರೋಲಿಗೆ 156 ಮಿ.ಲೀ. ಎಣ್ಣೆ. ಎಣ್ಣೆ ಜಾಸ್ತಿ ಹಾಕಿದರೆ ಆ ಜಾಗದ ಪೆಟ್ರೋಲ್ ಕಡಿಮೆಯಾಗುತ್ತದೆ, ಜೆಟ್ಟಿಂಗ್ ಲೀನ್ ಕಡೆಗೆ ಸರಿಯುತ್ತದೆ. ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿ. ಎಥನಾಲ್ ನೀರು ಹೀರಿಕೊಳ್ಳುತ್ತದೆ. ಬೈಕನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿಡಿ. ಊರಿನಲ್ಲಿ ಇ20 ಪೆಟ್ರೋಲ್ ಹಾಕಿ ಹಳೇ ಟೂ-ಸ್ಟ್ರೋಕ್ ಓಡಿಸುವವರಿಗೂ ಇದೇ ಮಾತು.

ಹಂತ 7: ಸೈಲೆನ್ಸರ್ ಮತ್ತು ಕಾನೂನು

ಯುವಾರಿ ರಾಷ್ಟ್ರೀಯ ಅರಣ್ಯ. ಅಮೆರಿಕದ ಅರಣ್ಯ ಇಲಾಖೆಯ ಜಾಗದಲ್ಲಿ ಸ್ಪಾರ್ಕ್ ಅರೆಸ್ಟರ್ ಇಲ್ಲದೆ ಓಡಿಸುವಂತಿಲ್ಲ. ಸೈಲೆನ್ಸರಿನಿಂದ ಹಾರುವ ಬಿಸಿ ಇಂಗಾಲದ ಕಿಡಿಯನ್ನು ತಡೆಯುವ ಭಾಗ ಅದು. ಒಣ ಎಲೆಯ ಮೇಲೆ ಒಂದು ಕಿಡಿ ಬಿದ್ದರೆ ಕಾಡೇ ಹೋಗುತ್ತದೆ. ಮೋಟೋಕ್ರಾಸ್ ಬೈಕಿಗೆ ಅದು ಕಂಪನಿಯಿಂದ ಬರುವುದಿಲ್ಲ. ಅರಣ್ಯ ಇಲಾಖೆ ಒಪ್ಪಿದ ಮುದ್ರೆ ಇರುವ ಸೈಲೆನ್ಸರ್ ಹಾಕಿಸಿ. ಸದ್ದೂ ಕಡಿಮೆಯಾಗುತ್ತದೆ, ಅಕ್ಕಪಕ್ಕದ ಮನೆಯವರು ದೂರು ಕೊಟ್ಟು ದಾರಿ ಮುಚ್ಚಿಸುವ ಪ್ರಸಂಗವೂ ಬರುವುದಿಲ್ಲ. ಯುವಾರಿಯ ದಾರಿಗಳು ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಮುಚ್ಚಿರುತ್ತವೆ. ನೆಲ ಒದ್ದೆಯಾಗಿದ್ದಾಗ ಹಾಳಾಗದಿರಲಿ ಅಂತ. ಅದನ್ನು ಗೌರವಿಸಿ.

ಕರ್ನಾಟಕದಲ್ಲಿ ಇಂಥ ಬೈಕ್ ಇಟ್ಟುಕೊಂಡವರಿಗೆ ಒಂದು ಮಾತು. ಇದಕ್ಕೆ ರಸ್ತೆ ನೋಂದಣಿ ಇಲ್ಲ, ಮೀಸಲು ಅರಣ್ಯಕ್ಕೆ ನುಗ್ಗುವಂತೆಯೂ ಇಲ್ಲ. ಮಾಲೀಕರ ಒಪ್ಪಿಗೆ ಇರುವ ಕಾಫಿ ತೋಟ, ಅಥವಾ ಕೋಲಾರದ ಕಡೆ ಇರುವ ಬಿಗ್‌ರಾಕ್ ಡರ್ಟ್‌ಪಾರ್ಕ್‌ನಂಥ ಜಾಗವೇ ಸರಿ. ಭಾರತದಿಂದ ಮೊದಲು ಡಕಾರ್ ರ‍್ಯಾಲಿಗೆ ಹೋದ ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಜಾಗ ಅದು.

ದೂರ ಹೋಗುವುದಾದರೆ 11 ಲೀಟರ್ ಆಸುಪಾಸಿನ ಪ್ಲಾಸ್ಟಿಕ್ ಟ್ಯಾಂಕ್ ಸಿಗುತ್ತದೆ. ಎರಡು ಗಂಟೆಯೊಳಗೆ ಪಾರ್ಕಿಂಗಿಗೆ ವಾಪಸ್ ಬರುವವರಿಗೆ ಬೇಕಿಲ್ಲ.

ಹಂತ 8: ಹ್ಯಾಂಡಲ್

ಬೈಕ್ ಮೇಲೆ ನಿಂತುಕೊಂಡು ಕೈ ಚಾಚಿ. ಕ್ಲಚ್, ಬ್ರೇಕ್ ಲಿವರ್ ಬೆರಳಿನ ನೇರಕ್ಕೆ, ಸ್ವಲ್ಪ ಕೆಳಮುಖವಾಗಿ ಇರಬೇಕು. ಲಿವರಿನ ಕ್ಲ್ಯಾಂಪ್ ಕೆಳಗೆ ನಲ್ಲಿ ಕೆಲಸದವರು ಬಳಸುವ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿ, ಬೋಲ್ಟನ್ನು ತೀರಾ ಬಿಗಿಯಬೇಡಿ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ.

ಮೊದಲ ರೈಡ್

ಬೆನ್ನಿನ ಚೀಲದಲ್ಲಿ ಎರಡು ಪ್ಲಗ್, ಪ್ಲಗ್ ಸ್ಪಾನರ್, ಚೈನಿನ ಜೋಡು ಲಿಂಕ್, ಟಯರ್ ಲಿವರ್, ಮುಂದಿನ 21 ಇಂಚಿನ ಟ್ಯೂಬ್ ಒಂದು, ಪಂಪು, ನೀರು ಇರಲಿ. ಅವಸರಕ್ಕೆ ಆ ಟ್ಯೂಬನ್ನು ಹಿಂದಿನ ಟಯರಿಗೂ ತೂರಿಸಬಹುದು.

ದೂರ ಹೋಗಬೇಡಿ. ಹತ್ತು ನಿಮಿಷದ ಒಂದು ಸುತ್ತನ್ನು ಆರಿಸಿಕೊಳ್ಳಿ. ಅದರಲ್ಲಿ ಬೇರೂ ಇರಲಿ, ಕಲ್ಲೂ ಇರಲಿ, ಒಂದು ಏರೂ ಇರಲಿ. ಅದೇ ಸುತ್ತನ್ನು ಮತ್ತೆ ಮತ್ತೆ ಹೊಡೆಯಿರಿ. ಪ್ರತಿ ಸುತ್ತಿಗೂ ಒಂದೇ ಒಂದು ಬದಲಾವಣೆ: ಎರಡು ಕ್ಲಿಕ್, ಅಥವಾ ಒಂದು ಪಿಎಸ್‌ಐ, ಅಥವಾ ಸೂಜಿಯ ಒಂದು ಗೀರು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಕೈ ದಣಿದಾಗ ನಿಲ್ಲಿಸಿ. ದಣಿದ ಕೈಗೆ ಎಲ್ಲ ಸಸ್ಪೆನ್ಷನ್ನೂ ಗಟ್ಟಿ ಅನಿಸುತ್ತದೆ.

ಮನೆಗೆ ಬಂದ ಮೇಲೆ ಬೈಕ್ ತೊಳೆದು ಚಕ್ರದ ಕಡ್ಡಿಗಳ ಬಿಗಿ ನೋಡಿ, ಹಿಂದಿನ ಸ್ಪ್ರಾಕೆಟ್ ಬೋಲ್ಟುಗಳನ್ನು ಸ್ಪಾನರ್ ಹಾಕಿ ನೋಡಿ, ಸ್ಯಾಗ್ ಮತ್ತೊಮ್ಮೆ ಅಳೆಯಿರಿ. ಹೊಸ ಸ್ಪ್ರಿಂಗ್ ಮೊದಲ ರೈಡಿನಲ್ಲಿ ಸ್ವಲ್ಪ ಕೂರುತ್ತದೆ, 103 ಇದ್ದದ್ದು 106 ಆಗಿರಬಹುದು. ರಿಂಗನ್ನು ಸ್ವಲ್ಪ ತಿರುಗಿಸಿ ಮತ್ತೆ 103ಕ್ಕೆ ತಂದು, ಆ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.